ಶೇಕಡಾ ಇಪ್ಪತ್ತೈದು ನೀರು

ಮೇಲಿನ ತೊಟ್ಟಿ ಬಿರುಕು ಬಿಟ್ಟಿದ್ದು ಮೊದಲ ಅನಾಹುತ. ಅದರ ರಿಪೇರಿ ಮುಗಿಯುವವರೆಗೆ ಕಟ್ಟಡದ ಮುದಿ ಮೋಟಾರು ಕೆಳಗಿನ ಸಂಪಿನಿಂದ ನೇರವಾಗಿ ನಲ್ಲಿಗಳಿಗೇ ನೀರು ತಳ್ಳಬೇಕಾಗಿತ್ತು. ಅದೋ, ಸ್ವಲ್ಪ ಓಡಿದರೆ ಕಾದು ಹೊಗೆ ಬಿಡುತ್ತಿತ್ತು. "ಕಾಲು ಭಾಗ ಹೊತ್ತು ಓಡ್ಸಿ, ಮುಕ್ಕಾಲು ಭಾಗ ಮಲಗ್ಸಿ" ಎಂದು ಹೇಳಿ ಮೆಕ್ಯಾನಿಕ್ ಕೈತೊಳೆದುಕೊಂಡ.

"ಅಷ್ಟೇ ತಾನೆ? ನಾನ್ ಮಾಡ್ಕೊಡ್ತೀನಿ" ಎಂದು ನಾಲ್ಕನೆಯ ಮಹಡಿಯ ಮೇಷ್ಟ್ರು ಬಾಯಿ ಹಾಕಿದ್ದು ಎರಡನೆಯ ಅನಾಹುತ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಈ ಮನುಷ್ಯನ ಮನೆಗೆ ಅಂದು ಸಂಜೆ ಅತ್ತೆ ಬರುವವರಿದ್ದರು. ಗೋಡೆಗೆ ಒಂದು ಮೊಳೆ ಹೊಡೆಯಲು ಬಾರದವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಮದುವೆಯ ಮಾರನೆಯ ದಿನದಿಂದಲೂ ಕೊರಗುತ್ತ ಬಂದ ಅತ್ತೆ. ಈ ಸಲ ಆ ಬಾಯಿ ಮುಚ್ಚಿಸಿಯೇ ತೀರಬೇಕೆಂದು ಮೇಷ್ಟ್ರು ಹಟ ತೊಟ್ಟಿದ್ದರು.

ಬೆಳಿಗ್ಗೆ ಹೆಂಡತಿ ಅಮ್ಮನನ್ನು ಕರೆತರಲು ಹೊರಟಾಗ, "ರೀ, ನಾವ್ ಬರೋಷ್ಟರಲ್ಲಿ ಡ್ರಮ್ ತುಂಬಿರ್ಲಿ" ಎಂದಳು. ಮೇಷ್ಟ್ರು ಹೂಂಗುಟ್ಟಿ, ಟೈಮರ್ ಡಬ್ಬಿ ಹೊತ್ತು ಕೆಳಗಿಳಿದರು. ಡಬ್ಬಿ ಕೂರಿಸಿ, ಮೋಟಾರಿನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕ ಚೌಕದ ಅಲೆ ಬರೆದರು.

"ನೋಡಿ, ಗಂಟೆಗೆ ಒಂದು ಅಲೆ. ಅಂದ್ರೆ ಅಲೆಯ ಅವಧಿ ಅರವತ್ತು ನಿಮಿಷ. ಅದ್ರಲ್ಲಿ ಎದ್ದು ನಿಂತಿರೋ ಭಾಗ ಹದಿನೈದು ನಿಮಿಷ, ಆಗ ಮೋಟಾರ್ ಓಡುತ್ತೆ. ಹದಿನೈದನ್ನ ಅರವತ್ತರಿಂದ ಭಾಗಿಸಿದ್ರೆ ಶೇಕಡಾ ಇಪ್ಪತ್ತೈದು. ಇದಕ್ಕೆ ಡ್ಯೂಟಿ ಸೈಕಲ್ ಅಂತಾರೆ."

"ಮಿಕ್ಕ ಮುಕ್ಕಾಲು ಗಂಟೆ ನಲ್ಲಿ ಒಣಗಿರುತ್ತಲ್ಲ, ಅದಕ್ಕೇನಂತಾರೆ?" ಎಂದು ಕೇಳಿದ ನೆಲಮಹಡಿಯ ಟೈಲರ್.

ಮೇಷ್ಟ್ರು ಮೆಟ್ಟಿಲು ಹತ್ತುವಷ್ಟರಲ್ಲಿ ಮೊದಲ ಮಹಡಿಯ ನರ್ಸಕ್ಕ ಅಡ್ಡ ನಿಂತಳು. "ರಾತ್ರಿ ಡ್ಯೂಟಿ ಮುಗ್ಸಿ ಬಂದಿದೀನಿ. ನಾನ್ ಏಳೋ ಹೊತ್ತಿಗೇ ನಿಮ್ ಅಲೆ ಮಲಗಿರುತ್ತಲ್ರೀ!" ಅವಳ ಹಿಂದೆಯೇ ಕಟ್ಟಡದ ಸಂಘದ ಅಧ್ಯಕ್ಷರು ಬಂದರು. ಅವರೂ ಮೊದಲ ಮಹಡಿಯವರೇ. "ಮೇಷ್ಟ್ರೇ, ಗಂಟೆಗೊಂದ್ಸಲ ಅಂದ್ರೆ ಅನ್ಯಾಯ. ಬೇಗ ಬೇಗ ಬಿಡ್ಸಿ."

"ಬೇಗ ಬೇಗ ಬಿಟ್ರೂ ಒಟ್ಟು ಸಿಗೋದು ಅಷ್ಟೇ ನೀರು, ಸಾರ್!"

"ಅಷ್ಟೇ ಇರ್ಲಿ. ಬೇಗ ಇರ್ಲಿ."

ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಇದೇ. ಹಲ್ಲು ಕಚ್ಚಿ ಮೇಷ್ಟ್ರು ಗಂಟೆಗೆ ಮೂರು ಅಲೆ ಮಾಡಿದರು. ಅವಧಿ ಇಪ್ಪತ್ತು ನಿಮಿಷ, ಓಟ ಐದು ನಿಮಿಷ, ಅನುಪಾತ ಅದೇ ಇಪ್ಪತ್ತೈದು. ಜನ ಕುಣಿದಾಡಿದರು. ಊಟಕ್ಕೆ ಹೋಗೋಣವೆಂದು ಮೇಷ್ಟ್ರು ಕಾಲೆತ್ತುವಷ್ಟರಲ್ಲಿ ಟೈಲರ್ ಅಂಗಿ ಹಿಡಿದು ನಿಲ್ಲಿಸಿದ. "ಇನ್ನೊಂಚೂರು ಬೇಗ ಮಾಡಿ ಸಾರ್, ಪುಣ್ಯ ಬರುತ್ತೆ." ಹತ್ತು ಅಲೆಯಾಯಿತು. ಸಾಲದು ಎಂದಳು ನರ್ಸಕ್ಕ. ಹೊಟ್ಟೆ ಚುರುಗುಟ್ಟುತ್ತಿತ್ತು, ತಲೆ ಸಿಡಿಯುತ್ತಿತ್ತು, ಡ್ರಮ್ಮಿನ ನೆನಪು ಎಂದೋ ಹಾರಿಹೋಗಿತ್ತು. ಕೊನೆಗೆ ಗಂಟೆಗೆ ಹದಿನೈದು ಅಲೆ: ಅವಧಿ ನಾಲ್ಕು ನಿಮಿಷ, ಓಟ ಒಂದೇ ನಿಮಿಷ. ಕಾಲು ಭಾಗಕ್ಕೆ ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಇದಪ್ಪಾ ಲೆಕ್ಕ ಅಂದ್ರೆ!" ಎಂದರು ಅಧ್ಯಕ್ಷರು. ತೊಟ್ಟಿ ರಿಪೇರಿಯಾಗುವವರೆಗೆ ಯಾರೂ ಡಬ್ಬಿ ಮುಟ್ಟಕೂಡದೆಂದು ಅಲ್ಲೇ ಒಮ್ಮತದ ತೀರ್ಮಾನ ಮಾಡಿ, ಕೋಣೆಗೆ ಬೀಗ ಜಡಿದು, ಬೀಗದ ಕೈ ಜೇಬಿಗಿಳಿಸಿದರು.

ಅದೇ ಗಳಿಗೆಗೆ ಮಗಳ ಜೊತೆ ಅತ್ತೆ ಬಂದಿಳಿದರು. ಅಧ್ಯಕ್ಷರು, ನರ್ಸಕ್ಕ, ಟೈಲರ್ ಮೂವರೂ ಮುತ್ತಿಕೊಂಡು ಮೇಷ್ಟ್ರನ್ನು ಹಾಡಿ ಹೊಗಳಿದ್ದೇ ಹೊಗಳಿದ್ದು. ಅತ್ತೆಯ ಕಣ್ಣು ಅರಳಿತು. "ಅಳಿಯಂದಿರು ಇಷ್ಟು ಬುದ್ಧಿವಂತರು ಅಂತ ಗೊತ್ತೇ ಇರ್ಲಿಲ್ಲ" ಎಂದರು. ಮೇಷ್ಟ್ರು ನಾಲ್ಕು ಮಹಡಿಗಳನ್ನೂ ಗಾಳಿಯಲ್ಲೇ ತೇಲಿಕೊಂಡು ಹತ್ತಿದರು.

ಪ್ರಯಾಣದ ಧೂಳು ತೊಳೆಯಲು ಅತ್ತೆ ನೆಟ್ಟಗೆ ಬಚ್ಚಲಿಗೆ ಹೋದರು. ಬಕೆಟ್ಟಿನ ತಳದಲ್ಲಿದ್ದ ಎರಡು ಚೊಂಬು ನೀರು ಸುರಿದುಕೊಂಡು, ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ, ನಲ್ಲಿ ತಿರುಗಿಸಿದರು. ನಲ್ಲಿ ಬುಸ್ಸೆಂದಿತು.

ಮೇಷ್ಟ್ರು ಪೈಪಿಗೆ ಕಿವಿಕೊಟ್ಟರು. ಕೆಳಗೆ ಮೋಟಾರು ಎದ್ದಿತು. ನೀರು ಗುಳುಗುಳು ಎನ್ನುತ್ತ ಒಂದನೆಯ ಮಹಡಿ ದಾಟಿತು, ಎರಡು ದಾಟಿತು, ಮೂರರ ಹತ್ತಿರ ಬಂತು. ಅಷ್ಟರಲ್ಲಿ ನಿಮಿಷ ಮುಗಿದು ಮೋಟಾರು ಮಲಗಿತು. ಹತ್ತಿದ ನೀರೆಲ್ಲ ಸುರ್ರೆಂದು ಸಂಪಿಗೇ ಇಳಿಯಿತು. ನೀರು ಪ್ರತಿ ಸಲ ತಳದಿಂದಲೇ ಹತ್ತಬೇಕೆಂಬುದು, ನಾಲ್ಕನೆಯ ಮಹಡಿಗೆ ಒಂದು ನಿಮಿಷ ಸಾಲದೆಂಬುದು ಇಷ್ಟೆಲ್ಲ ಲೆಕ್ಕ ಹಾಕಿದ ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ.

ಎದ್ದೆನೋ ಬಿದ್ದೆನೋ ಎಂದು ಕೆಳಗೋಡಿದರು. "ಸಾರ್, ಬೀಗ ತೆಗೀರಿ! ನಮ್ಮನೆಗೆ ನೀರೇ ಬರ್ತಿಲ್ಲ!"

"ಬರದೇ ಏನು? ಎಷ್ಟ್ ಸಲ ಬಿಟ್ರೂ ಒಟ್ಟು ಅಷ್ಟೇ ಅಂತ ಬೆಳಿಗ್ಗೆಯಿಂದ ನೀವೇ ಬಡ್ಕೊಂಡ್ರಲ್ಲ" ಎಂದರು ಅಧ್ಯಕ್ಷರು. "ಒಮ್ಮತದ ತೀರ್ಮಾನ ಮೇಷ್ಟ್ರೇ. ನನ್ನ ಕೈಲಿಲ್ಲ."

ಬೀಗದ ಕೈ ಮಾತ್ರ ಅವರ ಕೈಯಲ್ಲೇ ಇತ್ತು.

ಟೈಲರ್‌ಗೆ ಪಾಪ ಅನ್ನಿಸಿತು. ಎರಡು ಬಕೆಟ್ ತಂದು ತನ್ನ ನಲ್ಲಿಯ ಕೆಳಗಿಟ್ಟ. ಇಟ್ಟ ಕೂಡಲೇ ನಲ್ಲಿ ನಿಂತಿತು.

"ಮೂರೇ ನಿಮಿಷ ಸಾರ್, ಮತ್ತೆ ಬರುತ್ತೆ" ಎಂದ ಅವನು ಸಮಾಧಾನದಿಂದ.

ನಾಲ್ಕನೆಯ ಮಹಡಿಯಿಂದ ಅತ್ತೆಯ ದನಿ ಇಡೀ ಕಟ್ಟಡಕ್ಕೆ ಕೇಳಿಸಿತು: "ಎಲ್ಲಿ ಹಾಳಾಗ್ಹೋದ್ನೇ ನಿನ್ನ ಗಂಡ?"