ಅಂಚೆಮಾಸ್ತರ ಪಕ್ಷ ಬದಲಿಸಿದ ದಿನ

ಗೋಡೆಯ ಮೇಲಿನ ಅಧ್ಯಕ್ಷರ ಪಟ ಬದಲಿಸಲು ಮರೆತದ್ದೇ ಅಂಚೆಮಾಸ್ತರ ಎನಾಕ್ ಪಿಕೆಟ್‌ನ ಕಷ್ಟಕ್ಕೆ ಮೂಲ. ಅದು 1885ರ ಜೂನ್. ಡೆಮಾಕ್ರಾಟ್ ಕ್ಲೀವ್‌ಲ್ಯಾಂಡ್ ಗದ್ದುಗೆ ಏರಿ ಮೂರು ತಿಂಗಳಾಗಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಮ್ ಫೋರ್ಕ್ ಹಳ್ಳಿಯ ಅಂಚೆ ಕಿಟಕಿಯ ಮೇಲೆ ಮಾತ್ರ ಹಿಂದಿನ ಅಧ್ಯಕ್ಷ, ರಿಪಬ್ಲಿಕನ್ ಆರ್ಥರ್ ಇನ್ನೂ ಜೋತುಬಿದ್ದಿದ್ದ.

ಕುದುರೆ ಜೀನು ಹೊಲಿಯುವ ಬರ್ಡೆಟ್ ಊರಿನ ಡೆಮಾಕ್ರಾಟರ ಮುಖಂಡ. ಬೆಳಿಗ್ಗೆ ಕಾಗದ ಕೇಳಲು ಬಂದವನು ಪಟ ನೋಡಿ ಲೊಚಗುಟ್ಟಿದ.

“ಇದೇನಣ್ಣ ಇದು? ಅಂಚೆ ಇನ್‌ಸ್ಪೆಕ್ಟರ್ ಪಕ್ಕದೂರಲ್ಲಿ ರೈಲಿಳಿದವ್ನಂತೆ. ಇವತ್ತು ಇಲ್ಲಿಗೇ ಬರ್ತಾನೆ. ರಿಪಬ್ಲಿಕನ್ ಮಾಸ್ತರನ್ನೆಲ್ಲ ಕಿತ್ತಾಕ್ತಾವ್ರೆ.”

“ನಾನು ಯಾವ ಪಕ್ಷದ ಸಭೆಗೂ ಹೋದೋನಲ್ಲ ಕಣೋ.”

“ಕೆಲಸ ಕೊಟ್ಟೋನು ಗ್ರಾಂಟ್ ತಾನೇ? ಅಷ್ಟು ಸಾಕು.”

ಮಾತು ನಿಜ. ರಿಪಬ್ಲಿಕನ್ ಅಧ್ಯಕ್ಷ ಗ್ರಾಂಟ್ ಕಾಲದಲ್ಲಿ ಸಿಕ್ಕ ಕೆಲಸ. ಆಮೇಲೆ ಬಂದ ಅಧ್ಯಕ್ಷರಲ್ಲಿ ಹೇಯ್ಸ್ ಅದನ್ನು ಮುಟ್ಟಲಿಲ್ಲ, ಗಾರ್ಫೀಲ್ಡ್ ಮುಟ್ಟುವಷ್ಟು ದಿನ ಬದುಕಲಿಲ್ಲ, ಆರ್ಥರನಿಗೆ ಇಂಥ ಊರಿದೆಯೆಂಬುದೇ ಗೊತ್ತಿರಲಿಲ್ಲ. ಉತ್ತರ-ದಕ್ಷಿಣಗಳ ಅಂತರ್ಯುದ್ಧದ ಶೈಲೋ ಕದನದಲ್ಲಿ ಎಡಗೈ ಕಳೆದುಕೊಂಡ ಎನಾಕ್‌ಗೆ ನೇಗಿಲು ಹಿಡಿಯಲು ಬರುತ್ತಿರಲಿಲ್ಲ. ಕಾಗದಕ್ಕೆ ಬಂದವರು ಹೋಗುವಾಗ ಅಲ್ಲೇ ಇದ್ದ ಅವನ ಅಂಗಡಿಯಲ್ಲಿ ಕಾಫಿಪುಡಿ, ಸೀಮೆಎಣ್ಣೆ ಕೊಳ್ಳುತ್ತಿದ್ದರು. ಅಂಚೆ ಹೋದರೆ ಅಂಗಡಿಯೂ ಹೋದಂತೆ.

ಪಟ ಇಳಿಸಿದ. ಕ್ಲೀವ್‌ಲ್ಯಾಂಡನ ಪಟ ಬರ್ಡೆಟ್ ಮನೆಯಿಂದ ಬಂತು, ಜೊತೆಗೆ ಒಂದು ಷರತ್ತೂ ಬಂತು.

“ಪಟ ಯಾವನು ಬೇಕಾದ್ರೂ ಹಾಕ್ತಾನೆ. ಮಧ್ಯಾಹ್ನ ಕಚೇರಿ ಮೆಟ್ಟಿಲ ಮೇಲೆ ನಿಂತ್ಕೊಂಡು ನಮ್ಮ ಪಕ್ಷದ ಪರ ನಾಲ್ಕು ಮಾತಾಡು. ಜನ ಸೇರಿಸೋದು ನನಗೆ ಬಿಡು.”

“ಸುಮ್ಮನಿರೋದೇ ನಿಮ್ಮ ಪಕ್ಷ, ಅದನ್ನೂ ಬಿಡ್ತೀರಾ?” ಎಂದಳು ಹೆಂಡತಿ ಲವಿನಿಯಾ. ಎನಾಕ್‌ಗೆ ಅದು ಕೇಳಿಸಲಿಲ್ಲ.

ಮಧ್ಯಾಹ್ನ ಮೆಟ್ಟಿಲ ಮೇಲೆ ಸೋಪು ತುಂಬಿ ಬಂದಿದ್ದ ಮರದ ಪೆಟ್ಟಿಗೆ ಹತ್ತಿ, ಒಂದು ಹಿಡಿಕೆ ಮುರಿದ ಪಾತ್ರೆಯಂತೆ ಒಂದು ಕಡೆಗೆ ವಾಲಿ ನಿಂತ. ರಿಪಬ್ಲಿಕನ್ನರು ಕಳ್ಳರು ಎಂದ. ಚಪ್ಪಾಳೆ ಬಿತ್ತು. ಇಪ್ಪತ್ತನಾಲ್ಕು ವರ್ಷ ದೇಶವನ್ನು ಇಲಿ ಹೊಕ್ಕ ಕಣಜ ಮಾಡಿದರು ಎಂದ. ಇನ್ನೂ ಜೋರು ಚಪ್ಪಾಳೆ.

“ಯುದ್ಧದ ವಿಷಯ ಹೇಳಣ್ಣ,” ಎಂದು ಬರ್ಡೆಟ್ ಕೆಳಗಿನಿಂದ ಎತ್ತಿಕೊಟ್ಟ.

ಚಪ್ಪಾಳೆಯ ರುಚಿ ಹತ್ತಿದ್ದ ಎನಾಕ್, “ಆ ಯುದ್ಧವೇ ಬೇಡಾಗಿತ್ತು,” ಎಂದುಬಿಟ್ಟ.

ಯಾರೂ ಕೈ ತಟ್ಟಲಿಲ್ಲ. ಯುದ್ಧದಲ್ಲಿ ಎನಾಕ್‌ನ ದಳದಲ್ಲೇ ಇದ್ದ ಅಮೋಸ್ ಡ್ರೇಕ್ ಆಗಷ್ಟೇ ಕೊಂಡಿದ್ದ ಕಾಫಿಪುಡಿ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟ.

“ಆವತ್ತು ನಿನ್ನನ್ನ ಎರಡು ಮೈಲಿ ಬೆನ್ನ ಮೇಲೆ ಹೊತ್ತೆ, ಎನಾಕ್. ಹಗುರಾಗಿದ್ದೆ. ಯಾಕೆ ಅಂತ ಈಗ ಗೊತ್ತಾಯ್ತು.”

ಅವನ ಹಿಂದೆಯೇ ಹಳೇ ಸಿಪಾಯಿಗಳೆಲ್ಲ ಹೊರಟರು. ಜನ ಕರಗಿದ ಮೇಲೆ, ಜಗಲಿಯ ಬೆಂಚಿನಲ್ಲಿ ಕುಳಿತಿದ್ದ ಅಪರಿಚಿತನೊಬ್ಬ ಎದ್ದು ಒಳಗೆ ಬಂದ. ಅವನೇ ಇನ್‌ಸ್ಪೆಕ್ಟರ್.

“ಭಾಷಣ ಪೂರ್ತಿ ಕೇಳಿದೆ,” ಎಂದ.

ಎನಾಕ್‌ನ ಮುಖ ಅರಳಿತು.

“ಪಕ್ಷದ ಕೆಲಸಕ್ಕೆ ಇಳಿದ ಮಾಸ್ತರನ್ನ ಮಾತ್ರ ತೆಗೀಬೇಕು ಅಂತ ನನಗೆ ಆದೇಶ. ಈ ಜಿಲ್ಲೆಯಲ್ಲಿ ಯಾರ ಪರವಾಗೂ ಬಾಯಿ ಬಿಡದವರು ನೀವೊಬ್ಬರೇ ಅಂತಿದ್ರು. ನಿಮ್ಮನ್ನ ಮುಂದುವರಿಸಬೇಕು ಅಂತ ಬರೆದಿಟ್ಕೊಂಡೇ ಬಂದಿದ್ದೆ.”

“ನಾನು ಮಾತಾಡಿದ್ದು ನಿಮ್ಮ ಅಧ್ಯಕ್ಷರ ಪರವಾಗೇ ಅಲ್ವಾ, ಸ್ವಾಮಿ?”

“ಯಾರ ಪರ ಅಂತ ಆದೇಶದಲ್ಲಿ ಇಲ್ಲ. ಕಚೇರಿ ಮೆಟ್ಟಿಲ ಮೇಲೆ, ಕೆಲಸದ ಹೊತ್ತಲ್ಲಿ ಭಾಷಣ. ಅಷ್ಟೇ ಸಾಕು.”

ಇನ್‌ಸ್ಪೆಕ್ಟರ್ ಹಳೆಯ ಹಾಳೆ ಹರಿದು ಹೊಸದಾಗಿ ನಾಲ್ಕು ಸಾಲು ಬರೆದ. ಲಕೋಟೆಗೆ ಹಾಕಿ ವಾಷಿಂಗ್ಟನ್ನಿನ ವಿಳಾಸ ಬರೆದು ಕಿಟಕಿಯೊಳಗೆ ನೀಡಿದ.

“ನಾಲ್ಕು ಗಂಟೆ ಚೀಲಕ್ಕೇ ಹೋಗ್ಲಿ.”

ಎನಾಕ್ ಮುದ್ರೆ ಕೈಗೆತ್ತಿಕೊಂಡ. ಹದಿನಾಲ್ಕು ವರ್ಷ ಒಂಟಿ ಕೈಯಲ್ಲಿ ಒಂದು ಕಾಗದವೂ ಸರಿಯದಂತೆ ಮುದ್ರೆ ಹೊಡೆದವನಿಗೆ ಇದೊಂದು ಲಕೋಟೆ ಮಾತ್ರ ಜಾರುತ್ತಲೇ ಇತ್ತು. ನೋಡಲಾರದೆ ಇನ್‌ಸ್ಪೆಕ್ಟರನೇ ಕಿಟಕಿಯೊಳಗೆ ಕೈ ಚಾಚಿ ಲಕೋಟೆಯ ಮೂಲೆಯನ್ನು ಒತ್ತಿ ಹಿಡಿದುಕೊಟ್ಟ.