ನಾನು ಓರಣ ಮಾಡಿದ ಗಾಜು

ಓರಣದಲ್ಲಿ ನನ್ನನ್ನು ಮೀರಿಸುವವರು ಮಾರೇನಹಳ್ಳಿಯಲ್ಲಿ ಹುಟ್ಟಿರಲಿಲ್ಲ. ಮೂರನೇ ಕ್ಲಾಸಿಗೇ ಓದು ಬಿಟ್ಟವಳಾದರೂ ನನ್ನ ಚುಕ್ಕಿ ರಂಗೋಲಿ ನೋಡಲು ಪಕ್ಕದ ಬೀದಿಯವರು ಬರುತ್ತಿದ್ದರು. ಬಂದವರು ನಮ್ಮ ಯಜಮಾನರ ಚಪ್ಪಲಿ ಎಡವಿ ಆ ರಂಗೋಲಿಯ ಮೇಲೇ ಬೀಳುತ್ತಿದ್ದರು. ಬಿನ್ನಿಪೇಟೆಯಲ್ಲಿ ಮಿಲ್ಲಿನ ಕೆಲಸಕ್ಕೆ ಹೋಗುತ್ತಿದ್ದ ಆ ಮನುಷ್ಯನಿಗೆ ಮನೆಯಲ್ಲಿ ಒಂದು ಪಂಚೆ ಮಡಿಸಲು ಬರುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಹತ್ತು ಹನ್ನೊಂದು ವರ್ಷವಾಗಿತ್ತು. ನಮ್ಮ ಮುಂದಿನ ಕೋಣೆಯಲ್ಲಿ ಪುಟ್ಟಸ್ವಾಮಿ ಎಂಬ ಹುಡುಗ ಬಾಡಿಗೆಗಿದ್ದ. ವಿಜ್ಞಾನ ಓದುತ್ತಿದ್ದ. ಗಾಜಿನೊಳಗೆ ಕಣ್ಣಿಗೆ ಕಾಣದ ಅಣುಗಳು ಹೇಗೆ ಕೂತಿವೆ, ಗಾಜು ಯಾಕೆ ಗಟ್ಟಿ ಎನ್ನುವುದು ಅವನ ಚಿಂತೆ. ನನಗಂತೂ ಲಾಟೀನಿನ ಗಾಜು ಒಡೆಯದಿದ್ದರೆ ಸಾಕಿತ್ತು. ಹಸಿ ಜೇಡಿಮಣ್ಣಿನ ಉಂಡೆಗಳೇ ಅಣು, ನನ್ನ ಪೊರಕೆಯಿಂದ ಕಿತ್ತ ಕಡ್ಡಿಗಳೇ ಅವುಗಳ ಬೆಸುಗೆ. ಹೀಗೆ ಗಾಜಿನ ಒಳಗನ್ನು ತೋರಿಸಲು ಹಂಡೆಯಷ್ಟು ದೊಡ್ಡ ಗೂಡೊಂದನ್ನು ಕಟ್ಟಿಟ್ಟಿದ್ದ. ಮರುದಿನ ಅವನ ಗುರುಗಳು ಮನೆಗೇ ಬಂದು ನೋಡುವವರಿದ್ದರು. ಅವರು ಒಪ್ಪದಿದ್ದರೆ ಓದು ಅಲ್ಲಿಗೆ ಮುಗಿಯಿತು. ಹುಡುಗ ಊರಿಗೆ ಹೋಗಿ ಮಾವನ ಗಾಣ ತಿರುಗಿಸಬೇಕು.

ಗುರುಗಳು ಬರುವ ಮನೆಯಲ್ಲಿ ಇಂಥ ಕಸದ ಗುಡ್ಡೆಯೇ? ಅವನು ಹೊರಗೆ ಹೋದದ್ದೇ ತಡ, ನಾನು ಕಾರ್ಯಪ್ರವೃತ್ತಳಾದೆ. ಪೂರ್ತಿ ಬಿಚ್ಚಿ, ಉಂಡೆಗಳನ್ನು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿಟ್ಟು, ಅಂತಸ್ತಿನ ಮೇಲೆ ಅಂತಸ್ತು ಏರಿಸಿದೆ. ಅಲ್ಲಾಡಿತು. ಚಪ್ಪರಕ್ಕೆ ಕೊಡುವಂತೆ ಅಡ್ಡಕಡ್ಡಿ ಕೊಟ್ಟೆ. ಪೊರಕೆಯೇ ಮುಗಿದುಹೋಯಿತು. ಮೇಲೆ ರಾಗಿ ಮೂಟೆ ಇಟ್ಟರೂ ಕದಲದು!

ಸಂಜೆ ಹುಡುಗ ಬಂದು ನೋಡಿದವನೇ ಬಾಗಿಲಲ್ಲೇ ತಲೆಗೆ ಕೈಹೊತ್ತು ಕೂತ.

"ಅಕ್ಕ, ಇದು ಕಲ್ಲುಸಕ್ಕರೆ ಆಗ್ಹೋಗಿದೆ."

ನಾನು ಸೆರಗು ಸರಿಮಾಡಿಕೊಂಡೆ. "ಇಷ್ಟಕ್ಕೆಲ್ಲ ಅಷ್ಟೊಂದು ಹೊಗಳ್ಬೇಡ ಕಣಪ್ಪ."

ಪಕ್ಕದ ಮನೆ ರಂಗಮ್ಮನನ್ನೂ ಕರೆದು ತೋರಿಸಿದೆ. ರಂಗಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಹುಡುಗ ಅಳುತ್ತಿದ್ದ. ರಂಗಮ್ಮ ಹೋದ ಮೇಲೆ ಬಿಡಿಸಿ ಹೇಳಿದ. ಅಣುಗಳು ಸಾಲಾಗಿ ಕೂರುವುದು ಕಲ್ಲುಸಕ್ಕರೆಯಲ್ಲಿ, ಉಪ್ಪಿನಲ್ಲಿ. ಗಾಜಿನಲ್ಲಿ ಸಾಲೇ ಇರಕೂಡದು. ಎಲ್ಲಿ ಅಲ್ಲಾಡುತ್ತದೆ, ಎಲ್ಲಿ ಬಿಗಿ ಎಂದು ಒತ್ತಿ ನೋಡುವುದೇ ಗುರುಗಳ ಪರೀಕ್ಷೆ. ಒತ್ತಿದರೆ ಅಲ್ಲಾಡುವಂಥದ್ದೇನನ್ನೂ ನಾನು ಉಳಿಸಿರಲಿಲ್ಲ.

"ಅಷ್ಟೇ ತಾನೇ, ಕೆಡಿಸೋದೇನು ಕಷ್ಟ?" ಎಂದು ಮತ್ತೆ ಬಿಚ್ಚಿ ಕೂತೆ. ಕೆಡಿಸಲು ಬರಲಿಲ್ಲ! ಕಣ್ಣು ಮುಚ್ಚಿ ಚುಚ್ಚಿದರೂ ಕೈ ಸಾಲಿಗೇ ಹೋಗುತ್ತಿತ್ತು. ಹುಡುಗನೋ ಗಾಬರಿಯಲ್ಲಿ ಒತ್ತಿ ಒತ್ತಿ ಕಡ್ಡಿಗಳನ್ನೆಲ್ಲ ಮುರಿಯುತ್ತಿದ್ದ.

ಅಷ್ಟರಲ್ಲಿ ಯಜಮಾನರು ಮಿಲ್ಲಿನಿಂದ ಬಂದು ಒಂದು ಚಪ್ಪಲಿ ಅಲ್ಲಿ, ಇನ್ನೊಂದು ಇಲ್ಲಿ ಬಿಸಾಡಿದರು. ಹುಡುಗ ಆ ಚಪ್ಪಲಿಗಳನ್ನು ದೇವರ ಪಾದದಂತೆ ನೋಡಿದ.

"ಭಾವ, ಒಂಚೂರು ಇಲ್ಲಿ ಕೂತ್ಕೊಳ್ತೀರಾ?"

ಉಂಡೆಗೆ ನಾಲ್ಕು ಕಡ್ಡಿ ಮೀರಬಾರದು, ಮಿಕ್ಕಿದ್ದು ನಿಮ್ಮಿಷ್ಟ ಎಂದ. ಯಜಮಾನರು ಕಾಫಿ ಕುಡಿಯುತ್ತಾ, ಮಿಲ್ಲಿನ ಮೇಸ್ತ್ರಿಯನ್ನು ಬಯ್ಯುತ್ತಾ, ಕೈ ಎಲ್ಲಿ ಹೋಗುತ್ತಿದೆ ಎಂದೂ ನೋಡದೆ ಚುಚ್ಚಿದರು. ಊಟದ ಹೊತ್ತಿಗೆ ಗಾಜು ಸಿದ್ಧ.

ಮರುದಿನ ಗುರುಗಳು ಬಂದು ಒತ್ತಿದರು, ಬಗ್ಗಿ ಇಣುಕಿದರು. "ಎಲ್ಲೂ ಒಂದು ಸಾಲಿಲ್ಲ. ಇಷ್ಟು ಚೆನ್ನಾಗಿ ಹೇಗಯ್ಯಾ ಮಾಡ್ದೆ?" ಎಂದರು. ಹುಡುಗನ ಓದು ಉಳಿಯಿತು. ನನ್ನ ಮಾನ ಹೋಯಿತು.

ಅಂದಿನಿಂದ ಗುಡ್ಡೆ ಬಿದ್ದ ಪಂಚೆ ಮಡಿಸಲು ಹೋದರೆ ಸಾಕು, ಯಜಮಾನರು "ಮುಟ್ಬೇಡ ಕಣೇ, ಅದು ಗಾಜು" ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಕಲ್ಲುಸಕ್ಕರೆ ಎಂದು. ಗಂಡ ಎಷ್ಟು ಮುದ್ದಾಗಿ ಕರೆಯುತ್ತಾನೆ ಎಂದು ರಂಗಮ್ಮನಿಗೆ ಇವತ್ತಿಗೂ ಹೊಟ್ಟೆಕಿಚ್ಚು. ನಾನೂ ಬಿಡಿಸಿ ಹೇಳಲು ಹೋಗಿಲ್ಲ.