ಮೋಡಲ್ ಮಾವ

ಮಧುಗಿರಿಯಲ್ಲಿ ನಮ್ಮ ಸೋದರಮಾವ ಸ್ಯಾಕ್ಸೋಫೋನ್ ಪೆಟ್ಟಿಗೆ ಹಿಡಿದು ಬೀದಿಗಿಳಿದರೆ ಸಾಕು, ಎದುರಾದವರೆಲ್ಲ ಕೇಳುವುದು ಒಂದೇ: ‘ಯಾರು ಹೋದ್ರು ಮಾಸ್ಟ್ರೇ?’ ಸುಮ್ಮನೆ ರಿಪೇರಿಗೆ ಹೊರಟಿದ್ದರೂ ಅಷ್ಟೇ! ಒಂದು ಕಾಲಕ್ಕೆ ಬ್ಯಾಂಡ್‌ಸೆಟ್ ಕಟ್ಟಿಕೊಂಡು, ಮದುವೆಗಳಲ್ಲಿ ಸಿನಿಮಾ ಹಾಡು ಊದಿ, ಮಂಡಿನೋವಿನ ಮುದುಕರನ್ನೂ ಕುಣಿಸಿದ ಮನುಷ್ಯ. ಅಂಥವರನ್ನು ಕೆಡಿಸಿದ್ದು ಅಮೆರಿಕದವರು ಅಂದರೆ ನಂಬುತ್ತೀರಾ?

ಶುರುವಾದದ್ದು ಸಿರಾದಲ್ಲಿ. ವಾದ್ಯ ರಿಪೇರಿ ಮಾಡುವ ಸಾಹೇಬರೊಬ್ಬರು ‘ಮಾಸ್ಟರ್, ಜರಾ ಇದು ಕೇಳಿ’ ಎಂದು ಫೋನಿನಲ್ಲಿ ಏನೋ ಹಾಕಿದರಂತೆ. ಸ್ಟೂಲಿನ ಮೇಲೆ ಕೂತ ಮಾವ ಎದ್ದದ್ದು ಬಸ್ಸು ತಪ್ಪಿದ ಮೇಲೆಯೇ. ಆ ಸಂಗೀತದ ಹೆಸರು ಮೋಡಲ್ ಜಾಝ್.

‘ಅಂದ್ರೇನು ಮಾವ?’ ಎಂದೆ. ಕೊರಟಗೆರೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು ನಾನು, ಪ್ರಶ್ನೆ ಕೇಳುವುದು ಚಟ.

‘ನೋಡವ್ವ, ಮೊದ್ಲು ಪಿಯಾನೋದೋನು ಗಳಿಗೆಗೊಂದ್ಸಲ ಸ್ವರದ ಗುಂಪು ಬದ್ಲಾಯ್ಸೋನು. ಊದೋನು ಅವ್ನ ಹಿಂದೆ ಓಡೋನು. ನಿಮ್ಮೂರ ಬಸ್ಸಿನಂಗೆ, ಕೈ ತೋರ್ಸಿದ ಕಡೆಗೆಲ್ಲ ಸ್ಟಾಪು! ಆಮೇಲೆ ಒಂದಷ್ಟು ಜನ ಬಂದು, ಯಾಕಿಂಗೆ ಓಡ್ತೀರಿ, ಒಂದು ಸ್ವರಸಾಲು ಇಡ್ಕಂಡು ಅದ್ರಾಗೇ ನಿಧಾನಕ್ಕೆ ತಿರುಗಾಡಿ ಅಂದ್ಬುಟ್ರು. ನಮ್ಮ ಖರಹರಪ್ರಿಯ ರಾಗ ಇಲ್ವಾ? ಅದೇ ಮೆಟ್ಲು ಅಲ್ಲೂ ಅವೆ ಕಣವ್ವ!’

ಅಡುಗೆಮನೆಯಿಂದ ಅತ್ತೆಯ ದನಿ ಬಂತು. ‘ಮೋಡ ಮೋಡ ಅಂತೀರ, ಒಂದು ಹನಿನಾದ್ರೂ ಬಿತ್ತಾ?’

ಮಾವನಿಗೆ ಆ ಸಂಗೀತಗಾರರೆಲ್ಲ ನೆಂಟರಾಗಿಬಿಟ್ಟರು. ಒಬ್ಬ ಸ್ಯಾಕ್ಸೋಫೋನಿನವನು ಅಭ್ಯಾಸ ಮಾಡುತ್ತಾ ಮಾಡುತ್ತಾ ವಾದ್ಯ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದನಂತೆ. ‘ಅವನ ಹೆಂಡ್ತಿ ಪುಣ್ಯವಂತೆ, ಗೊರಕೆನಾದ್ರೂ ರಾಗದಾಗೆ ಇರ್ತಿತ್ತು’ ಎಂದರು ಅತ್ತೆ. ಇನ್ನೊಬ್ಬ ಪಿಯಾನೋದವನು ಒಂದು ಸ್ವರ ಮುಟ್ಟಿ, ಸುಮ್ಮನಿದ್ದು, ಆಮೇಲೆ ಇನ್ನೊಂದು ಮುಟ್ಟುತ್ತಿದ್ದನಂತೆ. ‘ನಮ್ಮ ಬೀದಿ ನಲ್ಲಿಯಂಗೆ!’ ಎಂದರು ಅತ್ತೆ.

ಎಲ್ಲಕ್ಕಿಂತ ಅಪಾಯಕಾರಿಯಾದವನು ಜನಕ್ಕೆ ಬೆನ್ನು ಹಾಕಿ ನಿಂತು ಊದುತ್ತಿದ್ದ ಒಬ್ಬ ತುತ್ತೂರಿಯವನು. ಪುರವರದ ಒಂದು ಮದುವೆಯಲ್ಲಿ ನಮ್ಮ ಮಾವನೂ ಹಾಗೇ ನಿಂತುಬಿಟ್ಟರು! ಧಾರೆಯ ಹೊತ್ತು, ಎಲ್ಲರೂ ಗಟ್ಟಿಮೇಳಕ್ಕೆ ಕಾಯುತ್ತಿದ್ದಾರೆ. ಇವರು ಗಂಡು ಹೆಣ್ಣಿಗೆ ಬೆನ್ನು ತೋರಿಸಿ, ಕಣ್ಣು ಮುಚ್ಚಿ, ಕೆಳಗಿನ ಸ್ವರದಲ್ಲಿ ಸಾವಕಾಶವಾಗಿ ಸುತ್ತುತ್ತಿದ್ದಾರೆ. ಹೆಣ್ಣಿನ ಅಜ್ಜಿ ಬಿಕ್ಕತೊಡಗಿದಳು. ಹೆಣ್ಣಿನ ಅಪ್ಪ ಓಡಿ ಬಂದು, ‘ಮಾಸ್ಟ್ರೇ, ನನ್ನ ಮಗಳ್ನ ಗಂಡನ ಮನೆಗೆ ಕಳಿಸ್ತಿದ್ದೀವಾ, ಗುಂಡಿಗೆ ಇಳಿಸ್ತಿದ್ದೀವಾ?’ ಎಂದು ಕೈಮುಗಿದ. ಮದುವೆ ಆಲ್ಬಮ್ಮಿನ ಅರ್ಧ ಫೋಟೋಗಳಲ್ಲಿ ಈಗಲೂ ಮಾವನ ಬೆನ್ನಿದೆ.

ಬ್ಯಾಂಡಿನವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಮದುವೆಗಳಿಗೆ ಡಿಜೆ ಬಂತು. ಮಾವನನ್ನು ಕೇಳುವವರೇ ಇಲ್ಲವಾದಾಗ, ಗೌಡಗೆರೆಯಿಂದ ಒಂದು ಕರೆ. ಯಜಮಾನರು ತೀರಿಕೊಂಡಿದ್ದರು. ‘ಏನಾದ್ರೂ ನಿಧಾನದ್ದು ಊದಿ’ ಎಂದರು ಮನೆಯವರು. ಕೇಳಬೇಕೇ! ಮಾವ ಊದಿದ್ದಕ್ಕೆ, ಯಜಮಾನರನ್ನು ಬದುಕಿರುವಷ್ಟೂ ದಿನ ಶಪಿಸಿದ್ದ ಸೊಸೆಯರೂ ಗೋಡೆಗೆ ತಲೆ ಕೊಟ್ಟು ಅತ್ತರಂತೆ. ಆಮೇಲೆ ಬರೀ ಅಂಥವೇ ಕರೆಗಳು. ಒಬ್ಬಾತ ಮುಂಗಡವಾಗಿಯೇ ಕೇಳಿದ್ದ, ‘ನಮ್ಮಜ್ಜಿ ಇವತ್ತೋ ನಾಳೆಯೋ ಅಂತ ಅವ್ಳೆ. ನೀವು ಫ್ರೀ ಇದ್ದೀರಾ?’

ಆಮೇಲೆ ಅತ್ತೆಯ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆ ಹೋಗಿ ಬಂದ ದಿನ ಅವರು ಹಾಸಿಗೆಯಲ್ಲಿ ಹಿಂಡಿದ ಬಟ್ಟೆಯಂತೆ ಬಿದ್ದಿರುತ್ತಿದ್ದರು. ಸಮಾಧಾನವಾಗಲಿ ಎಂದು ಮಾವ ಒಂದು ಸಂಜೆ ಪಕ್ಕದಲ್ಲಿ ಕೂತು ಮೆಲ್ಲಗೆ ಊದಿದರು. ಅತ್ತೆ ಕಣ್ಣು ಬಿಟ್ಟರು.

‘ಏನ್ರೀ, ನನಗೆ ಈಗ್ಲೇ ಪ್ರಾಕ್ಟೀಸಾ?’

ನಾನು ನಕ್ಕೆ. ಅತ್ತೆಯೂ ನಕ್ಕರು. ಮಾವ ನಗಲಿಲ್ಲ. ವಾದ್ಯವನ್ನು ಒರೆಸಿ ಪೆಟ್ಟಿಗೆಗಿಟ್ಟು ಮುಚ್ಚಿದರು. ಅತ್ತೆ ತೀರಿಕೊಂಡ ದಿನವೂ ತೆಗೆಯಲಿಲ್ಲ. ‘ಊರಿಗೆಲ್ಲ ಊದಿದೋರು ಹೆಂಡ್ತಿಗೆ ಊದ್ಲಿಲ್ವಲ್ಲ!’ ಎಂದು ಬಂದವರೆಲ್ಲ ಆಡಿಕೊಂಡರು.

ತಿಥಿ ಕಳೆದ ಮೇಲೆ ಒಂದು ಬೆಳಗ್ಗೆ, ‘ಬಲಸಮುದ್ರಕ್ಕೆ ಹೋಗ್ಬೇಕು, ಬಾರವ್ವ’ ಎಂದರು. ಪಾವಗಡದಾಚೆಯ ಆ ಊರು ಅತ್ತೆಯ ತವರು. ಅವರಪ್ಪನ ಹೊಲವೆಲ್ಲ ಈಗ ಸೋಲಾರಿಗೆ ಗುತ್ತಿಗೆ ಹೋಗಿದೆ. ಕಣ್ಣು ಹಾಯುವಷ್ಟೂ ಕರೀ ಹಲಗೆಗಳು, ಸುತ್ತ ತಂತಿಬೇಲಿ. ಗೇಟಿನ ಗಾರ್ಡು ಎದ್ದು ಬಂದು, ಏನು ಬೇಕು ಹಿರಿಯರೇ ಎಂದು ಅಲ್ಲಿಯ ತೆಲುಗಿನಲ್ಲಿ ಕೇಳಿದ.

‘ಏಂ ಕಾವಾಲಿ ಪೆದ್ದಾಯನಾ? ಒಳಗೆ ಬಿಡಲ್ಲ.’

‘ಒಳಕ್ಕೆ ಬ್ಯಾಡಪ್ಪ. ಇಲ್ಲೇ ನಿಂತು ಒಸಿ ಊದ್ತೀನಿ.’

‘ಯಾರಿಗೆ?’

‘ಅಗಾ, ಆ ಸಾಲಿನ ಕೆಳಗೆ ಒಬ್ಳು ಕಡ್ಲೆಕಾಯಿ ಕೀಳ್ತಿದ್ಲು. ಅವಳಿಗೆ.’

ಮಾವ ಬೇಲಿಯ ಹತ್ತಿರ ನಿಂತು ಊದಿದರು. ಅದೇ ಕೆಲವು ಸ್ವರಗಳು. ಹತ್ತುವುದು, ಇಳಿಯುವುದು, ಒಂದರ ಮೇಲೆ ಸುಮ್ಮನೆ ನಿಲ್ಲುವುದು. ನಡುವೆ ಉಸಿರು ಕಟ್ಟಿ ದನಿ ಒಡೆಯಿತು. ಮುಗಿಯಿತೆಂದುಕೊಂಡ ಗಾರ್ಡು ಕೇಳಿದ, ‘ಅಯಿಪೋಯಿಂದಾ ಸಾರ್?’

‘ಇಲ್ಲಪ್ಪ. ಇದು ಅಂಗೆಲ್ಲ ಮುಗಿಯಲ್ಲ’ ಎಂದು ಮಾವ ತುಟಿ ಒರೆಸಿಕೊಂಡು ಮತ್ತೆ ಶುರುಮಾಡಿದರು.

ಗಾರ್ಡು ಒಳಗೆ ಹೋಗಿ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು ಬೇಲಿಯ ಈಚೆ ಇಟ್ಟ. ಮಾವ ಕೂರಲಿಲ್ಲ. ನಾನು ಕೂತೆ. ಸಾವಿನ ಮನೆಯಲ್ಲಿ ನೆಂಟರಿಗೆ ಕಾಫಿ ಕೊಡುವ ಗಡಿಬಿಡಿಯಲ್ಲಿ ನನಗೆ ಅಳುವುದಕ್ಕೇ ಆಗಿರಲಿಲ್ಲ. ಆ ಬಿಸಿಲಲ್ಲಿ, ಗುರುತಿಲ್ಲದವನ ಕುರ್ಚಿಯಲ್ಲಿ ಕೂತು, ನಮ್ಮ ಅತ್ತೆಗಾಗಿ ನಾನು ಅತ್ತೆ.